ಪಠಾಣ್‌ಕೋಟ್‌ನಿಂದ ಹಾರಿದ ನಾವಿಕ: ಅಡ್ಮಿರಲ್ ಅರುಣ್ ಪ್ರಕಾಶ್ ಅವರ ಯುದ್ಧಸೇವೆ ಮತ್ತು ವೃತ್ತಿಜೀವನ

(ತುಮಕೂರಿನಲ್ಲಿ ಪದವಿ ವಿದ್ಯಾರ್ಥಿಗಳು ಹಾಗೂ ನಿವೃತ್ತ ಸೈನಿಕರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

1971ರ ಯುದ್ಧದಲ್ಲಿ ವೀರ ಚಕ್ರ ಪಡೆದ ನೌಕಾಪಡೆಯ ಅಧಿಕಾರಿಗಳ ಹೆಸರುಗಳನ್ನು ಓದುತ್ತಾ ಹೋದರೆ, ಅವರಲ್ಲಿ ಹಲವರು ಕರಾಚಿಯ ಮೇಲೆರಗಿದ ಕ್ಷಿಪಣಿ ದೋಣಿಗಳಲ್ಲೋ ಬಂಗಾಳ ಕೊಲ್ಲಿಯಲ್ಲಿದ್ದ ವಿಕ್ರಾಂತ್ ನೌಕೆಯಲ್ಲೋ ಸೇವೆಯಲ್ಲಿದ್ದವರೆಂಬುದು ಕಾಣುತ್ತದೆ. ಒಂದು ಹೆಸರು ಮಾತ್ರ ಬೇರೆಯಾಗಿ ನಿಲ್ಲುತ್ತದೆ. ಲೆಫ್ಟಿನೆಂಟ್ ಅರುಣ್ ಪ್ರಕಾಶ್ ಅವರಿಗೆ ಆ ಪದಕ ಸಂದದ್ದು ಕಡಲ ಮೇಲಿನ ಕಾರ್ಯಾಚರಣೆಗಲ್ಲ. ಕಡಲಿನಿಂದ ನೂರಾರು ಮೈಲಿ ದೂರದ ಪಂಜಾಬಿನ ಪಠಾಣ್‌ಕೋಟ್ ನೆಲೆಯಿಂದ, ವಾಯುಪಡೆಯ ಹಂಟರ್ ವಿಮಾನದಲ್ಲಿ, ಶತ್ರುವಿನ ನೆಲದ ಮೇಲೆ ನಡೆಸಿದ ದಾಳಿಗಳಿಗೆ. ಮುಂದೆ ಇದೇ ಅಧಿಕಾರಿ ಭಾರತೀಯ ನೌಕಾಪಡೆಯ ಮುಖ್ಯಸ್ಥರಾದರು. ಇವತ್ತಿನ ಮಾತು ಅವರ ಯುದ್ಧಸೇವೆಯನ್ನೂ ಅದರ ನಂತರದ ನಾಲ್ಕು ದಶಕಗಳ ಕೆಲಸವನ್ನೂ ಕುರಿತದ್ದು. ಒಂದು ಪಡೆಯ ಮನುಷ್ಯ ಇನ್ನೊಂದು ಪಡೆಯವರ ಜೊತೆ ಉಂಡು, ಹಾರಿ, ಹೋರಾಡಿದ ಅನುಭವವೇ ಅವರ ಇಡೀ ವೃತ್ತಿಜೀವನವನ್ನು ರೂಪಿಸಿತು ಎಂಬುದು ನನ್ನ ಗ್ರಹಿಕೆ.

ನಮ್ಮ ಜಿಲ್ಲೆಗೆ ಕಡಲಿಲ್ಲ. ಭೂಸೇನೆಯಲ್ಲಿ ದುಡಿದು ಬಂದವರು ನಮ್ಮ ಊರುಗಳಲ್ಲಿ ಸಿಗುತ್ತಾರೆ, ಅವರ ಬಾಯಿಂದ ಗಡಿಯ ಕಥೆಗಳನ್ನು ಕೇಳಿ ನಾವು ಬೆಳೆದಿದ್ದೇವೆ. ಹಡಗಿನ ಮೇಲಿಂದ ವಿಮಾನ ಹಾರಿಸುವವರ ಬದುಕು ನಮಗೆ ಅಷ್ಟು ಪರಿಚಿತವಲ್ಲ. ಆದ್ದರಿಂದ ಮೊದಲು ಆ ಕೆಲಸದ ಸ್ವರೂಪವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ‘ಹರ್ಕ್ಯುಲಿಸ್’ ಎಂಬ ಹೆಸರಿನಲ್ಲಿ ಕಟ್ಟತೊಡಗಿ, ಯುದ್ಧ ಮುಗಿದ ಮೇಲೆ ಅರ್ಧಕ್ಕೇ ನಿಲ್ಲಿಸಿದ್ದ ಒಂದು ವಿಮಾನವಾಹಕ ನೌಕೆಯನ್ನು ಭಾರತ 1957ರಲ್ಲಿ ಕೊಂಡಿತು. ಬೆಲ್‌ಫಾಸ್ಟ್‌ನಲ್ಲಿ ಅದರ ಕೆಲಸ ಪೂರ್ಣಗೊಂಡು, 1961ರ ಮಾರ್ಚ್ 4ರಂದು ‘ವಿಕ್ರಾಂತ್’ ಎಂಬ ಹೆಸರಿನಿಂದ ಅದು ನಮ್ಮ ನೌಕಾಪಡೆಯನ್ನು ಸೇರಿತು. ಅದೇ ವರ್ಷ ಮೇ 18ರಂದು ಅದರ ಡೆಕ್ಕಿನ ಮೇಲೆ ವಿಮಾನ ಇಳಿಸಿದ ಮೊದಲ ಭಾರತೀಯ ಚಾಲಕರು ಆರ್. ಎಚ್. ತಹಿಲಿಯಾನಿ. ನೌಕಾ ವೈಮಾನಿಕರಲ್ಲಿ ಮೊಟ್ಟಮೊದಲು ನೌಕಾಪಡೆಯ ಮುಖ್ಯಸ್ಥರಾದವರೂ ಇವರೇ.

ವಿಕ್ರಾಂತ್‌ನ ಒಟ್ಟು ಉದ್ದ ಸುಮಾರು 213 ಮೀಟರ್. ವಿಮಾನ ಇಳಿಯುವುದಕ್ಕೆ ಸಿಗುತ್ತಿದ್ದದ್ದು ಅದರಲ್ಲಿ ಒಂದು ಭಾಗ ಮಾತ್ರ. ನಮ್ಮ ಅಮಾನಿಕೆರೆಯ ಏರಿಯ ಒಂದು ತುಂಡು ಕಿತ್ತುಬಂದು ನೀರಿನ ಮೇಲೆ ಮುಂದಕ್ಕೆ ಸರಿಯುತ್ತಾ, ಏಳುತ್ತಾ ಬೀಳುತ್ತಾ, ಅತ್ತಿತ್ತ ವಾಲುತ್ತಿದೆ ಎಂದು ಊಹಿಸಿಕೊಳ್ಳಿ; ಜೆಟ್ ವಿಮಾನವೊಂದು ಅದರ ಮೇಲೆ ಇಳಿದು ನಿಲ್ಲಬೇಕು. ವಿಮಾನದ ಬಾಲದ ಅಡಿಯಲ್ಲಿ ಒಂದು ಕೊಕ್ಕೆ ಇರುತ್ತದೆ. ಡೆಕ್ಕಿನ ಅಡ್ಡಕ್ಕೆ ಬಿಗಿದ ಉಕ್ಕಿನ ಹಗ್ಗಗಳಲ್ಲಿ ಒಂದನ್ನು ಆ ಕೊಕ್ಕೆ ಹಿಡಿದರೆ ವಿಮಾನ ನಿಲ್ಲುತ್ತದೆ. ಹಿಡಿಯದೆ ಹೋದರೆ ಮತ್ತೆ ಆಕಾಶಕ್ಕೇರಿ ಇನ್ನೊಂದು ಸುತ್ತು ಹಾಕಿ ಬರಬೇಕಾದ್ದರಿಂದ, ಚಕ್ರಗಳು ಡೆಕ್ಕಿಗೆ ತಾಗಿದ ಕ್ಷಣದಲ್ಲೇ ಚಾಲಕನು ಎಂಜಿನ್ನಿನ ಶಕ್ತಿಯನ್ನು ಇಳಿಸುವ ಬದಲು ಏರಿಸುತ್ತಾನೆ. ನೆಲದ ರನ್‌ವೇಯಲ್ಲಿ ಕಲಿತ ಅಭ್ಯಾಸಕ್ಕೆ ಇದು ಪೂರ್ತಿ ವಿರುದ್ಧ. ಹಾರುವಾಗಲೂ ಸ್ವಂತ ಓಟ ಸಾಲದು. ಹಬೆಯ ಒತ್ತಡದಿಂದ ನಡೆಯುವ ಕೆಟಪಲ್ಟ್ ವಿಮಾನವನ್ನು ಮುಂದಕ್ಕೆ ಎಸೆಯುತ್ತದೆ, ಹಡಗು ಗಾಳಿಗೆ ಎದುರಾಗಿ ವೇಗವಾಗಿ ಸಾಗಿ ರೆಕ್ಕೆಗಳಿಗೆ ಬೇಕಾದ ಗಾಳಿಯನ್ನು ಒದಗಿಸಿಕೊಡುತ್ತದೆ. ಹಡಗಿನ ಯಂತ್ರಕೋಣೆಯ ಬೆವರು, ಡೆಕ್ಕಿನ ಮೇಲಿನ ಕೆಲಸಗಾರರ ಎಚ್ಚರ, ಚಾಲಕನ ಕೈಚಳಕ, ಇವು ಮೂರೂ ಕೂಡಿದರೆ ಮಾತ್ರ ಒಂದು ಹಾರಾಟ ಸಾಧ್ಯ.

ಅರುಣ್ ಪ್ರಕಾಶ್ ಹುಟ್ಟಿದ್ದು 1944ರಲ್ಲಿ, ಕಾಶ್ಮೀರದ ಅನಂತನಾಗ್‌ನಲ್ಲಿ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ತರಬೇತಿ ಪಡೆದು 1966ರಲ್ಲಿ ಅವರು ನೌಕಾಪಡೆಯ ಅಧಿಕಾರಿಯಾದರು, ಬಳಿಕ ವಿಮಾನ ಚಾಲನೆಯನ್ನು ಆರಿಸಿಕೊಂಡರು. ಆಗ ನೌಕಾಪಡೆಗಿದ್ದ ಯುದ್ಧ ಜೆಟ್ ದಳ ಒಂದೇ: ‘ಬಿಳಿ ಹುಲಿ’ಗಳೆಂದು ಹೆಸರಾದ 300ನೆಯ ಸ್ಕ್ವಾಡ್ರನ್. ಅದರ ಬಳಿ ಇದ್ದದ್ದು ಸೀ ಹಾಕ್ ವಿಮಾನಗಳು. ಆ ಸ್ಕ್ವಾಡ್ರನ್ನಿನಲ್ಲಿ ಡೆಕ್ ಹಾರಾಟದ ಪಾಠ ಕಲಿತ ಈ ತರುಣ ಅಧಿಕಾರಿಯನ್ನು ವಿನಿಮಯ ನಿಯೋಜನೆಯ ಮೇಲೆ ವಾಯುಪಡೆಗೆ ಕಳುಹಿಸಲಾಯಿತು. ಹೀಗೆ ಕಳುಹಿಸುವುದು ಎರಡೂ ಪಡೆಗಳಲ್ಲಿದ್ದ ಪದ್ಧತಿ. ಶಾಂತಿಕಾಲದಲ್ಲಿ ಅದೊಂದು ಸಾಮಾನ್ಯ ವರ್ಗಾವಣೆಯಷ್ಟೇ. ಅರುಣ್ ಪ್ರಕಾಶ್ ಅವರ ಪಾಲಿಗೆ ಆ ಅವಧಿಯಲ್ಲೇ ಯುದ್ಧ ಬಂತು.

ಅವರು ಸೇರಿದ್ದು ವಾಯುಪಡೆಯ 20ನೆಯ ಸ್ಕ್ವಾಡ್ರನ್. ಅದರ ಕಮಾಂಡಿಂಗ್ ಅಧಿಕಾರಿ ವಿಂಗ್ ಕಮಾಂಡರ್ ಸೆಸಿಲ್ ಪಾರ್ಕರ್. ಆ ಯುದ್ಧದ ನಾಯಕತ್ವಕ್ಕಾಗಿ ಅವರಿಗೆ ಮಹಾವೀರ ಚಕ್ರ ದೊರೆಯಿತು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಶ್ಚಿಮದ ವಾಯುನೆಲೆಗಳ ಮೇಲೆ ಒಮ್ಮೆಲೇ ಎರಗಿದವು. ಆ ನೆಲೆಗಳಲ್ಲಿ ಪಠಾಣ್‌ಕೋಟ್ ಕೂಡ ಒಂದು. ಮರುದಿನ ಬೆಳಗಾಗುವ ಹೊತ್ತಿಗೆ 20ನೆಯ ಸ್ಕ್ವಾಡ್ರನ್ನಿನ ಹಂಟರ್‌ಗಳು ಉತ್ತರ ಕೊಡಲು ಹೊರಟಿದ್ದವು. ಅವುಗಳ ಗುರಿಗಳಲ್ಲಿ ಪೆಶಾವರವೂ ಸೇರಿತ್ತು. ಅದು ಹಂಟರ್ ವಿಮಾನದ ವ್ಯಾಪ್ತಿಯ ಕೊನೆಯ ಅಂಚು. ಅಲ್ಲಿಗೆ ಹೋಗಿ ದಾಳಿ ಮಾಡಿದವನಿಗೆ, ಹಿಂತಿರುಗುವ ದಾರಿಯಲ್ಲಿ ಶತ್ರು ವಿಮಾನದೊಡನೆ ಸೆಣಸಾಡುವಷ್ಟು ಇಂಧನ ಉಳಿಯುತ್ತಿರಲಿಲ್ಲ.

ಹಂಟರ್ ಆ ಹೊತ್ತಿಗಾಗಲೇ ಹಳೆಯ ವಿಮಾನ. ಶಬ್ದದ ವೇಗವನ್ನು ಸಮತಲ ಹಾರಾಟದಲ್ಲಿ ಅದು ದಾಟಲಾರದು. ಎದುರಾಳಿಯ ಬಳಿ ಅದಕ್ಕಿಂತ ವೇಗವಾದ ಮಿರಾಜ್, ಸ್ಟಾರ್‌ಫೈಟರ್‌ಗಳಿದ್ದವು. ಆದರೆ ಅದರ ಮೂತಿಯ ಕೆಳಗೆ 30 ಮಿಲಿಮೀಟರಿನ ನಾಲ್ಕು ಫಿರಂಗಿಗಳಿದ್ದವು, ನೆಲಕ್ಕೆ ಹತ್ತಿರವಾಗಿ ಹಾರುವಾಗ ಅದು ಸ್ಥಿರವಾಗಿರುತ್ತಿತ್ತು, ಮತ್ತು ಚಾಲಕನ ಕೈಗೆ ಒಗ್ಗುತ್ತಿತ್ತು. ರೇಡಾರ್ ಕಣ್ಣಿಗೆ ಬೀಳದಂತೆ ಮರಗಳ ನೆತ್ತಿಯ ಮಟ್ಟದಲ್ಲಿ ಸಾಗುವಾಗ ದಾರಿ ತೋರಿಸುವ ಉಪಕರಣ ಇಂದಿನಂತೆ ಇರಲಿಲ್ಲ. ತೊಡೆಯ ಮೇಲಿನ ನಕ್ಷೆ, ಕೈಗಡಿಯಾರ, ದಿಕ್ಸೂಚಿ, ಕೆಳಗೆ ಸರಿದುಹೋಗುವ ನದಿ ಮತ್ತು ರೈಲುಹಳಿ, ಇಷ್ಟನ್ನೇ ನಂಬಿ ನಿಗದಿತ ನಿಮಿಷಕ್ಕೆ ಗುರಿಯ ಮೇಲಿರಬೇಕಿತ್ತು. ಗುರಿಯ ಬಳಿ ಮೇಲೇರಿ, ಕಂಡದ್ದನ್ನು ಗುರುತಿಸಿ, ಧುಮುಕಿ, ಗುಂಡು ಹಾರಿಸಿ, ಮತ್ತೆ ನೆಲಕ್ಕೆ ತಗ್ಗಿ ಹೊರಟುಬಿಡುವುದಕ್ಕೆ ಸಿಗುತ್ತಿದ್ದ ಸಮಯ ಬಹಳ ಕಡಿಮೆ. ವಿಮಾನ ನಿರೋಧಕ ಗುಂಡುಗಳು ಎದುರಾಗುತ್ತಿದ್ದದ್ದೂ ಆ ಹೊತ್ತಿನಲ್ಲೇ. ಈ ಕೆಲಸವನ್ನು ಒಮ್ಮೆ ಮಾಡುವುದು ಒಂದು ಬಗೆಯ ಧೈರ್ಯ. ಅದರ ಅಪಾಯ ಚೆನ್ನಾಗಿ ಗೊತ್ತಾದ ಮೇಲೂ ಮತ್ತೆ ಕಾಕ್‌ಪಿಟ್ ಏರಿ ಕೂರುವುದು ಇನ್ನೂ ದೊಡ್ಡದು ಎಂದು ನಾನು ತಿಳಿಯುತ್ತೇನೆ.

ಅರುಣ್ ಪ್ರಕಾಶ್ ಭಾಗವಹಿಸಿದ ದಾಳಿಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ರಾವಲ್ಪಿಂಡಿಯ ಪಕ್ಕದ ಚಕ್ಲಾಲಾ ವಾಯುನೆಲೆಯ ಮೇಲಿನದು. ಪಾಕಿಸ್ತಾನದ ಸಿ–130 ಸಾರಿಗೆ ವಿಮಾನಗಳ ಮನೆ ಅದು. ಆ ನೆಲೆಯಲ್ಲಿ ನಿಂತಿದ್ದ ವಿಮಾನಗಳ ನಡುವೆ ಅಮೆರಿಕದ ಒಂದು ಸಣ್ಣ ವಿಮಾನವೂ ಇತ್ತು, ಭಾರತೀಯ ದಾಳಿಯಲ್ಲಿ ಅದು ನಾಶವಾಯಿತು. ಅದನ್ನು ಬಳಸುತ್ತಿದ್ದವರು ಬೇರೆ ಯಾರೂ ಅಲ್ಲ, 1947ರ ಅಕ್ಟೋಬರ್ 14ರಂದು ಜಗತ್ತಿನಲ್ಲಿ ಮೊದಲ ಬಾರಿಗೆ ಶಬ್ದದ ವೇಗವನ್ನು ಮೀರಿ ಹಾರಿದ ಚಕ್ ಯೇಗರ್. ಆಗ ಅವರು ಪಾಕಿಸ್ತಾನದಲ್ಲಿ ಅಮೆರಿಕದ ಸೇನಾ ಪ್ರತಿನಿಧಿಯಾಗಿದ್ದರು. ಈ ಪ್ರಸಂಗವನ್ನು ಅರುಣ್ ಪ್ರಕಾಶ್ ಹಲವು ವರ್ಷಗಳ ಬಳಿಕ ಒಂದು ಲೇಖನದಲ್ಲಿ ಬರೆದರು. ಅದು ಓದುಗರ ನಡುವೆ ಬಹಳ ಹರಡಿತು. ಆದರೆ ಆ ಯುದ್ಧದ ತೂಕ ಈ ಒಂದು ಪ್ರಸಂಗದಲ್ಲಿಲ್ಲ. 20ನೆಯ ಸ್ಕ್ವಾಡ್ರನ್ ಆ ಎರಡು ವಾರಗಳಲ್ಲಿ ಶತ್ರುವಿನ ವಾಯುನೆಲೆಗಳ ಮೇಲೂ ನಮ್ಮ ಭೂಸೇನೆಗೆ ನೆರವಾಗಿ ಗಡಿಯ ಗುರಿಗಳ ಮೇಲೂ ನಡೆಸಿದ ದಾಳಿಗಳಿಗಾಗಿ, ಆ ಯುದ್ಧದಲ್ಲಿ ಅತಿ ಹೆಚ್ಚು ಪದಕ ಪಡೆದ ಸ್ಕ್ವಾಡ್ರನ್ನುಗಳ ಸಾಲಿಗೆ ಸೇರಿತು. ಪರಮವೀರ ಚಕ್ರ, ಮಹಾವೀರ ಚಕ್ರಗಳ ನಂತರ ಯುದ್ಧಕಾಲದ ಶೌರ್ಯಕ್ಕೆ ಕೊಡುವ ಮೂರನೆಯ ಗೌರವವಾದ ವೀರ ಚಕ್ರ, ಆ ಸಾಲಿನಲ್ಲಿ ನಿಂತ ನೌಕಾಪಡೆಯ ಈ ಅಧಿಕಾರಿಗೂ ಬಂತು.

ಅವರು ಪಂಜಾಬಿನಲ್ಲಿ ಹೋರಾಡುತ್ತಿದ್ದ ದಿನಗಳಲ್ಲೇ ಅವರ ಸ್ವಂತ ಸ್ಕ್ವಾಡ್ರನ್ನಿನ ಗೆಳೆಯರು ಬಂಗಾಳ ಕೊಲ್ಲಿಯಲ್ಲಿ ವಿಕ್ರಾಂತ್‌ನ ಡೆಕ್ಕಿನಿಂದ ಹಾರುತ್ತಿದ್ದರು. ಆ ಕಥೆಯನ್ನು ಬಿಟ್ಟರೆ ನೌಕಾ ವೈಮಾನಿಕರ ಯುದ್ಧದ ಚಿತ್ರ ಪೂರ್ತಿಯಾಗುವುದಿಲ್ಲ. 1965ರ ಯುದ್ಧದ ಕಾಲದಲ್ಲಿ ವಿಕ್ರಾಂತ್ ದುರಸ್ತಿಗಾಗಿ ಡಾಕ್‌ನಲ್ಲಿತ್ತು. ಆ ಯುದ್ಧದಲ್ಲಿ ಅದಕ್ಕೆ ಪಾತ್ರವಿರಲಿಲ್ಲ. 1971ರಲ್ಲೂ ಅದರ ಬಾಯ್ಲರಿನಲ್ಲಿ ಬಿರುಕು ಕಾಣಿಸಿಕೊಂಡು ವೇಗ ಬಹಳ ತಗ್ಗಿತ್ತು. ಹಡಗಿನ ವೇಗ ತಗ್ಗಿದರೆ ಡೆಕ್ಕಿನ ಮೇಲೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ವಿಮಾನ ಹಾರಿಸುವುದು ಅಪಾಯ. ಮತ್ತೊಮ್ಮೆ ಯುದ್ಧದಿಂದ ಹೊರಗುಳಿಯಲು ಒಪ್ಪದ ನೌಕಾಪಡೆ, ಆ ಕುಂಟುತನವನ್ನು ಲೆಕ್ಕಕ್ಕೆ ಹಿಡಿದೇ ಹಡಗನ್ನು ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರ ನೇತೃತ್ವದಲ್ಲಿ ಪೂರ್ವಕ್ಕೆ ಕಳುಹಿಸಿತು. ಅದನ್ನು ಮುಳುಗಿಸಲೆಂದು ಬಂದಿದ್ದ ಪಾಕಿಸ್ತಾನದ ಜಲಾಂತರ್ಗಾಮಿ ‘ಘಾಜಿ’ ಡಿಸೆಂಬರ್ 3–4ರ ನಡುರಾತ್ರಿಯ ಹೊತ್ತಿಗೆ ವಿಶಾಖಪಟ್ಟಣದ ಬಳಿ ತಾನೇ ಮುಳುಗಿತು. 4ರಂದು ಲೆಫ್ಟಿನೆಂಟ್ ಕಮಾಂಡರ್ ಸಂತೋಷ್ ಕುಮಾರ್ ಗುಪ್ತಾ ಅವರ ಮುಂದಾಳ್ತನದ ಸೀ ಹಾಕ್‌ಗಳು ಕಾಕ್ಸ್ ಬಜಾರ್ ಮೇಲೆ ಎರಗಿದವು. ಅದೇ ದಿನ ಚಿತ್ತಗಾಂಗ್ ಮೇಲೂ. ಮುಂದಿನ ದಿನಗಳಲ್ಲಿ ಖುಲ್ನಾ, ಮೊಂಗ್ಲಾ ಬಂದರುಗಳ ಸರದಿ ಬಂತು. ರಾತ್ರಿಯ ಹೊತ್ತು ಅಲಿಝೆ ವಿಮಾನಗಳು ಕೆಲಸ ಮುಂದುವರಿಸುತ್ತಿದ್ದವು. ಸಮುದ್ರದ ದಾರಿ ಮುಚ್ಚಿಹೋದದ್ದರಿಂದ ಪೂರ್ವ ಪಾಕಿಸ್ತಾನದಲ್ಲಿದ್ದ ಸೈನ್ಯಕ್ಕೆ ನೆರವು ಬರುವ ಆಸೆಯೂ, ಅಲ್ಲಿಂದ ಪಾರಾಗುವ ಆಸೆಯೂ ಮುಗಿಯಿತು. ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಮತ್ತು ಗುಪ್ತಾ ಇಬ್ಬರಿಗೂ ಮಹಾವೀರ ಚಕ್ರ ದೊರೆಯಿತು. ವಿಕ್ರಾಂತ್ ಸಿಬ್ಬಂದಿಗೆ ಒಟ್ಟು ಹನ್ನೆರಡು ವೀರ ಚಕ್ರಗಳು ಸಂದವು.

ಪಶ್ಚಿಮದ ಕಡಲಿನಲ್ಲಿ ನೌಕಾ ವೈಮಾನಿಕರು ತೆತ್ತ ಬೆಲೆಯನ್ನೂ ಇಲ್ಲಿ ಹೇಳಲೇಬೇಕು. ಡಿಸೆಂಬರ್ 9ರಂದು ‘ಖುಕ್ರಿ’ ನೌಕೆ ಟಾರ್ಪಿಡೊ ಏಟಿಗೆ ಮುಳುಗಿ 18 ಅಧಿಕಾರಿಗಳೂ 176 ನಾವಿಕರೂ ಪ್ರಾಣ ಕಳೆದುಕೊಂಡರು. ಅದನ್ನು ಮುಳುಗಿಸಿದ ಜಲಾಂತರ್ಗಾಮಿಯ ಶೋಧ ನಡೆಯುತ್ತಿದ್ದಾಗ, ಮರುದಿನ ಲೆಫ್ಟಿನೆಂಟ್ ಕಮಾಂಡರ್ ಅಶೋಕ್ ರಾಯ್ ಅವರ ಅಲಿಝೆ ವಿಮಾನವನ್ನು ಪಾಕಿಸ್ತಾನದ ಸ್ಟಾರ್‌ಫೈಟರ್ ಹೊಡೆದುರುಳಿಸಿತು. ಅದರಲ್ಲಿದ್ದ ಮೂವರೂ ಹಿಂತಿರುಗಲಿಲ್ಲ. ಪ್ರೊಪೆಲರಿನಿಂದ ನಡೆಯುವ, ನಿಧಾನಗತಿಯ ಅಲಿಝೆಗೆ ಶಬ್ದಾತೀತ ವಿಮಾನದಿಂದ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಅಶೋಕ್ ರಾಯ್ ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಾಗಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಯುದ್ಧದ ನಂತರದ ದಶಕದಲ್ಲಿ ಸೀ ಹಾಕ್‌ಗಳು ಮುದಿಯಾದವು. ಅವುಗಳ ಜಾಗಕ್ಕೆ ಭಾರತ 1979ರಲ್ಲಿ ಬ್ರಿಟನ್ನಿನಿಂದ ಆರು ಸೀ ಹ್ಯಾರಿಯರ್ ಯುದ್ಧವಿಮಾನಗಳನ್ನೂ ಎರಡು ತರಬೇತಿ ವಿಮಾನಗಳನ್ನೂ ತರಿಸಲು ನಿರ್ಧರಿಸಿತು. ನಿಂತಲ್ಲೇ ಇಳಿಯಬಲ್ಲ ಆ ವಿಮಾನ ಆ ಕಾಲಕ್ಕೆ ಹೊಸ ತಂತ್ರಜ್ಞಾನ. ಅದರ ಎಂಜಿನ್ನಿನ ಬಿಸಿಗಾಳಿ ನಾಲ್ಕು ಕೊಳವೆಗಳ ಮೂಲಕ ಹೊರಬೀಳುತ್ತದೆ, ಚಾಲಕನು ಆ ಕೊಳವೆಗಳನ್ನು ಹಿಂದಕ್ಕೂ ಕೆಳಕ್ಕೂ ತಿರುಗಿಸಬಲ್ಲ. ಹಿಂದಕ್ಕಿದ್ದರೆ ಮುಂದೆ ಹಾರುತ್ತದೆ, ಕೆಳಕ್ಕಿದ್ದರೆ ಗಾಳಿಯಲ್ಲೇ ನಿಲ್ಲುತ್ತದೆ. ಇಲ್ಲಿ ರೆಕ್ಕೆ ಹೊರುವ ಭಾರವನ್ನು ಎಂಜಿನ್ ಹೊರುವುದರಿಂದ ಚಾಲಕನ ಒಂದು ಸಣ್ಣ ತಪ್ಪಿಗೂ ಕ್ಷಮೆಯಿಲ್ಲ. ಇಂಗ್ಲೆಂಡಿನ ಯೋವಿಲ್ಟನ್ ನೌಕಾ ವಾಯುನೆಲೆಯಲ್ಲಿ ತರಬೇತಿ ಪಡೆದ ಭಾರತೀಯ ತಂಡಕ್ಕೆ ಅರುಣ್ ಪ್ರಕಾಶ್ ಮುಂದಾಳು. ಮೊದಲ ಮೂರು ಸೀ ಹ್ಯಾರಿಯರ್‌ಗಳು ಮಾಲ್ಟಾ, ಈಜಿಪ್ಟಿನ ಲಕ್ಸರ್, ದುಬೈ ಮಾರ್ಗವಾಗಿ ಹಾರಿ 1983ರ ಡಿಸೆಂಬರ್ 16ರಂದು ಗೋವಾದ ದಾಬೋಲಿಂ ತಲುಪಿದವು. ನಾಲ್ಕು ದಿನಗಳ ಬಳಿಕ, 20ರಂದು, ಅರುಣ್ ಪ್ರಕಾಶ್ ಆ ವಿಮಾನವನ್ನು ವಿಕ್ರಾಂತ್‌ನ ಡೆಕ್ಕಿನ ಮೇಲೆ ಮೊದಲ ಬಾರಿಗೆ ಇಳಿಸಿದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಸೀ ಹಾಕ್, ಹಂಟರ್, ಸೀ ಹ್ಯಾರಿಯರ್ ಮೂರೂ ಬ್ರಿಟನ್ನಿನ ಹಾಕರ್ ಸಂಸ್ಥೆಯ ವಂಶದವು. ಒಬ್ಬ ಚಾಲಕನ ವೃತ್ತಿಯಲ್ಲಿ ಈ ಮೂರು ತಲೆಮಾರುಗಳೂ ಕೂಡಿಬಂದವು. ಸೀ ಹ್ಯಾರಿಯರ್‌ಗಳು ಮೊದಲು ವಿಕ್ರಾಂತ್‌ನಿಂದಲೂ, ಬಳಿಕ 1987ರಲ್ಲಿ ಸೇರಿದ ವಿಮಾನವಾಹಕ ನೌಕೆ ವಿರಾಟ್‌ನಿಂದಲೂ 2016ರವರೆಗೆ ಹಾರಿದವು. ‘ಬಿಳಿ ಹುಲಿ’ಗಳು ಇಂದು ಹಾರಿಸುತ್ತಿರುವುದು ಮಿಗ್–29ಕೆ.

ವಿಮಾನ ಚಾಲಕನಾದವನು ಹಡಗು ನಡೆಸಲಾರ ಎಂಬ ಅನುಮಾನ ಎಲ್ಲ ನೌಕಾಪಡೆಗಳಲ್ಲೂ ಇದ್ದದ್ದೇ. ನಮ್ಮ ನೌಕಾಪಡೆಯಲ್ಲಿ ವೈಮಾನಿಕರು ನಡುನಡುವೆ ಕಾಕ್‌ಪಿಟ್ ಬಿಟ್ಟು ಹಡಗಿನ ಮೇಲೆ ಕಾವಲು ನಿಂತು, ದಾರಿ ಹಿಡಿದು, ಹಡಗಿನ ನಾಯಕತ್ವಕ್ಕೆ ಅರ್ಹತೆ ಗಳಿಸಬೇಕು. ಅರುಣ್ ಪ್ರಕಾಶ್ ನಾಲ್ಕು ಸಮರನೌಕೆಗಳನ್ನು ನಡೆಸಿದರು, ಅವುಗಳಲ್ಲಿ ವಿರಾಟ್ ಕೂಡ ಒಂದು. ತಾವು ಯಾವ ಬಗೆಯ ಡೆಕ್ಕಿನ ಮೇಲೆ ಇಳಿದಿದ್ದರೋ ಅಂಥದನ್ನೇ, ಇಳಿಯಲು ಬರುತ್ತಿರುವ ಕಿರಿಯರಿಗಾಗಿ ಗಾಳಿಗೆ ಎದುರಾಗಿ ತಿರುಗಿಸಿ ಹಿಡಿಯುವ ಹೊಣೆ ಆಗ ಅವರದಾಯಿತು. ಪೂರ್ವ ನೌಕಾದಳವನ್ನು ಮುನ್ನಡೆಸಿದ ಮೇಲೆ, ತಾವು ಕಲಿತ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೇ ಕಮಾಂಡೆಂಟ್ ಆಗಿ ಹೋದರು.

ಪಠಾಣ್‌ಕೋಟ್‌ನ ಅನುಭವ ಫಲ ಕೊಟ್ಟದ್ದು 2001ರಲ್ಲಿ ಎಂದು ನಾನು ಹೇಳುತ್ತೇನೆ. ಕಾರ್ಗಿಲ್ ಯುದ್ಧದ ನಂತರ, ಭೂಸೇನೆ, ನೌಕಾಪಡೆ, ವಾಯುಪಡೆ ಮತ್ತು ಕರಾವಳಿ ಕಾವಲು ಪಡೆಗಳ ತುಕಡಿಗಳನ್ನು ಒಬ್ಬನೇ ಮುಖ್ಯಸ್ಥನ ಕೈಗೆ ಕೊಡುವ ಮೊದಲ ಪ್ರಯೋಗವಾಗಿ ಅಂಡಮಾನ್ ಮತ್ತು ನಿಕೋಬಾರ್ ಕಮಾಂಡ್ ಸ್ಥಾಪನೆಯಾಯಿತು. ಅದರ ಮೊದಲ ಮುಖ್ಯಸ್ಥರಾಗಿ ನೇಮಕವಾದವರು ವೈಸ್ ಅಡ್ಮಿರಲ್ ಅರುಣ್ ಪ್ರಕಾಶ್. ತಮ್ಮ ತಮ್ಮ ಪದ್ಧತಿ, ಸಮವಸ್ತ್ರ, ಬಡ್ತಿಯ ದಾರಿಗಳನ್ನು ಕಾಪಾಡಿಕೊಂಡು ಬಂದ ಪಡೆಗಳನ್ನು ಒಂದೇ ಸೂರಿನಡಿ ದುಡಿಸುವುದು ಕಾಗದದ ಮೇಲೆ ಬರೆದಷ್ಟು ಸುಲಭವಲ್ಲ. ಇನ್ನೊಂದು ಪಡೆಯ ಮೆಸ್ಸಿನಲ್ಲಿ ಉಂಡು, ಅವರ ವಿಮಾನದಲ್ಲಿ ಅವರ ಪಕ್ಕದಲ್ಲೇ ಗುಂಡಿಗೆ ಎದೆಯೊಡ್ಡಿ ಬಂದವರಿಗೆ ಆ ಕೆಲಸದಲ್ಲಿ ಇರುವ ಮಾತಿನ ತೂಕವೇ ಬೇರೆ.

2004ರ ಜುಲೈ 31ರಂದು ಅವರು ನೌಕಾಪಡೆಯ ಮುಖ್ಯಸ್ಥರಾದರು. ಐದು ತಿಂಗಳೂ ಕಳೆದಿರಲಿಲ್ಲ, ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿತು. ತಮಿಳುನಾಡು ಮತ್ತು ಅಂಡಮಾನ್ ತೀರಗಳಲ್ಲಿ ನಮ್ಮವರೇ ಸಾವಿರಾರು ಮಂದಿ ಸತ್ತಿದ್ದ ಹೊತ್ತಿನಲ್ಲಿ ನೌಕಾಪಡೆಯ ನೆರವು ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾಗಳಿಗೂ ಹೊರಟಿತು. ಒಟ್ಟು 32 ಹಡಗುಗಳು ಆ ಕಾರ್ಯದಲ್ಲಿ ತೊಡಗಿದವು. 2006ರ ಜುಲೈನಲ್ಲಿ ಲೆಬನಾನ್ ಯುದ್ಧದ ನಡುವೆ ಬೈರೂತ್‌ನಿಂದ ನಮ್ಮ ಹಡಗುಗಳು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಪಾರುಮಾಡಿದವು, ಅವರಲ್ಲಿ ಶ್ರೀಲಂಕಾ ಮತ್ತು ನೇಪಾಳದವರೂ ಇದ್ದರು. ಕನ್ನಡಿಗರಿಗೆ ಮುಖ್ಯವಾದ ಇನ್ನೊಂದು ಘಟನೆಯೂ ಅವರ ಅವಧಿಯದೇ. 1986ರಲ್ಲಿ ಅಡಿಗಲ್ಲು ಬಿದ್ದು ಬಹುಕಾಲ ನಿಧಾನವಾಗಿ ಸಾಗಿದ್ದ ಕಾರವಾರದ ನೌಕಾನೆಲೆ, ಬನವಾಸಿಯ ಅರಸರ ನೆನಪಿನ ‘ಐಎನ್ಎಸ್ ಕದಂಬ’ ಎಂಬ ಹೆಸರಿನಲ್ಲಿ 2005ರ ಮೇ 31ರಂದು ಸೇವೆಗೆ ಅಣಿಯಾಯಿತು. ಆ ನೆಲೆಗಾಗಿ ಉತ್ತರ ಕನ್ನಡದ ಮೀನುಗಾರರೂ ರೈತರೂ ತಮ್ಮ ಊರು, ಮನೆ, ಗದ್ದೆಗಳನ್ನು ಬಿಟ್ಟುಕೊಟ್ಟರು. ನೌಕಾಪಡೆಯ ಸಾಧನೆಯನ್ನು ಹೇಳುವಾಗಲೆಲ್ಲ ಅವರ ಹೆಸರಿನಲ್ಲೂ ಒಂದು ಮಾತು ಆಡುವುದು ನಮ್ಮ ಕರ್ತವ್ಯ.

2006ರ ಅಕ್ಟೋಬರ್ 31ರಂದು ನಿವೃತ್ತರಾಗುವ ಹೊತ್ತಿಗೆ ಅವರು ಮೂರೂ ಪಡೆಗಳ ಮುಖ್ಯಸ್ಥರ ಸಮಿತಿಯ ಅಧ್ಯಕ್ಷರೂ ಆಗಿದ್ದರು. ನಿವೃತ್ತಿಯ ಬಳಿಕ, ರಾಷ್ಟ್ರೀಯ ಭದ್ರತೆಯ ಕುರಿತು 2011ರಲ್ಲಿ ರಚನೆಯಾದ ನರೇಶ್ ಚಂದ್ರ ಕಾರ್ಯಪಡೆಯ ಸದಸ್ಯರಾದರು. ಮೂರೂ ಪಡೆಗಳ ಮುಖ್ಯಸ್ಥರ ಸಮಿತಿಗೆ ಕಾಯಂ ಅಧ್ಯಕ್ಷರಿರಬೇಕೆಂದು ಕಾರ್ಯಪಡೆ ಶಿಫಾರಸು ಮಾಡಿತು. ಆ ಸಮಿತಿಯ ಕಾಯಂ ಅಧ್ಯಕ್ಷತೆಯನ್ನೂ ಹೊರುವ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ 2020ರ ಜನವರಿ 1ರಂದು ಜಾರಿಗೆ ಬಂತು.

ಸಭೆಯ ಕೊನೆಯಲ್ಲಿ ಎರಡು ಪ್ರಶ್ನೆಗಳು ಬಂದವು. ಮೊದಲನೆಯದು, ಈ ಇಡೀ ಕಥೆಯಲ್ಲಿ ವಿಮಾನಗಳೆಲ್ಲ ಪರದೇಶದವೇ, ನಮ್ಮದೇನು ಎಂಬುದು. ನ್ಯಾಯವಾದ ಪ್ರಶ್ನೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್‌ನ ನೌಕಾ ಮಾದರಿ 2020ರ ಜನವರಿಯಲ್ಲಿ ವಿಕ್ರಮಾದಿತ್ಯ ನೌಕೆಯ ಮೇಲೆ ಹಗ್ಗ ಹಿಡಿದು ಇಳಿಯಿತು. ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್‌ನ ಮೇಲೆ ಅದು ಮೊದಲು ಇಳಿದದ್ದು 2023ರ ಫೆಬ್ರವರಿ 6ರಂದು. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದೂ ಅದೇ ದಿನ.

ಎರಡನೆಯ ಪ್ರಶ್ನೆ ದ್ವಿತೀಯ ಪಿಯುಸಿ ಓದುತ್ತಿರುವ ವಿದ್ಯಾರ್ಥಿನಿಯೊಬ್ಬರದು: ಈ ಕೆಲಸಕ್ಕೆ ಸೇರುವ ದಾರಿ ಯಾವುದು, ಹುಡುಗಿಯರಿಗೆ ಅವಕಾಶವಿದೆಯೇ? ಇದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ, ನೌಕಾಪಡೆ ಮತ್ತು ವಾಯುಪಡೆಯ ವಿಭಾಗಗಳಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. 2022ರಿಂದ ಅಲ್ಲಿ ಹುಡುಗಿಯರೂ ಕಲಿಯುತ್ತಿದ್ದಾರೆ. ಸಬ್ ಲೆಫ್ಟಿನೆಂಟ್ ಶಿವಾಂಗಿ 2019ರ ಡಿಸೆಂಬರ್‌ನಲ್ಲಿ ನೌಕಾಪಡೆಯ ಮೊದಲ ಮಹಿಳಾ ವಿಮಾನ ಚಾಲಕಿಯಾದರು. 2025ರ ಜುಲೈನಲ್ಲಿ ಸಬ್ ಲೆಫ್ಟಿನೆಂಟ್ ಆಸ್ಥಾ ಪೂನಿಯಾ ಯುದ್ಧವಿಮಾನ ವಿಭಾಗಕ್ಕೆ ಆಯ್ಕೆಯಾದ ಮೊದಲ ಮಹಿಳೆಯಾದರು.